ಕುಂಟುವ ಸೂಜಿ

ಕುಂಟುತ್ತಿದೆ, ಸದ್ದು ಕುಂಟುತ್ತಿದೆ, ಗೋಡೆಯಾಚೆಯಿಂದ ಬರುವ ಆ ಗುಂಯ್‌ಗುಡುವಿಕೆಯಲ್ಲಿ ಒಂದು ಕಾಲು ಸೋತಿದೆ, ಗುಂಯ್ ಗುಂಯ್ ಟಕ್, ಗುಂಯ್ ಗುಂಯ್ ಟಕ್ — ಕುದಿಯುವ ನೀರಿನಲ್ಲಿ ಸ್ಟೀಲಿನ ನಳಿಗೆಗಳನ್ನು ತಿರುವಿಹಾಕುತ್ತಿದ್ದ ಇಕ್ಕಳ ಅವಳ ಕೈಯಲ್ಲಿ ಹಾಗೇ ನಿಂತಿತು, ನೀರಿನ ಸದ್ದು ಬೇರೆ, ಒಲೆಯ ಸದ್ದು ಬೇರೆ, ಇದು ಸೂಜಿ ನೆಟ್ಟಗೆ ಇಳಿಯದೆ ನಳಿಗೆಯ ಒಳಗೋಡೆಗೆ ಹೊಡೆದುಕೊಳ್ಳುವ ಸದ್ದು, ನಿದ್ದೆಯಲ್ಲಿ ಹಲ್ಲು ಕಡಿಯುವವರ ಸದ್ದಿನ ಹಾಗೆ, ಮದುವೆಯಾಗಿ ಬಂದಾಗಿನಿಂದ ಈ ಹಚ್ಚೆ ಅಂಗಡಿಯ ಹಿಂದಿನ ಕೋಣೆಯಲ್ಲೇ ತಲೆ ನರೆತವಳಿಗೆ ಅಷ್ಟೂ ತಿಳಿಯದೆ ಇರುತ್ತದೆಯೇ, ಮಗು ಹಸಿವಿಗೆ ಅಳುತ್ತಿದೆಯೋ ಹೊಟ್ಟೆನೋವಿಗೆ ಅಳುತ್ತಿದೆಯೋ ಎಂದು ತಾಯಿಗೆ ತಿಳಿಯುವ ಹಾಗೆ, ಆ ಮಗು ಈಗ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಬೆಳೆದು ಮುಂದಿನ ಕೋಣೆಯಲ್ಲಿ ಕೂತಿದ್ದಾನೆ, ಮೀಸೆ ಬಂದರೂ ಅವಳಿಗೆ ಅವನು ಪುಟ್ಟನೇ, ಅವನ ಮುಂದೆ ಉದ್ದನೆಯ ಬೆಂಚಿನ ಮೇಲೆ ಬೋರಲಾಗಿ ಒಬ್ಬ ಲಾರಿ ಡ್ರೈವರ್, ಡ್ರೈವರನ ಬೆನ್ನ ಮೇಲೆ ಹದ್ದು, ಹದ್ದಿಗೆ ಇನ್ನೂ ಒಂದೇ ರೆಕ್ಕೆ, ಇನ್ನೊಂದನ್ನು ಶುರುಮಾಡುವಷ್ಟರಲ್ಲಿ ಮೆಷಿನ್ನು ಕೈಕೊಟ್ಟಿದೆ. ಥೂ ಇದರ ಮನೆ ಹಾಳಾಗ, ಮತ್ತೆ ಇಂಕು ಉಗುಳ್ತಿದೆ — ಅದು ಮಗನ ದನಿ, ಏನಪ್ಪಾ, ಒಂದೇ ರೆಕ್ಕೆ ಹಾಕಿ ಕಳಿಸ್ತೀಯಾ ಹೇಗೆ, ಈ ಹದ್ದು ಹಾರಿದರೆ ಗಿರಗಿರ ಸುತ್ತಿ ನನ್ನ ತಲೆ ಮೇಲೇ ಬೀಳುತ್ತೆ — ಅದು ಡ್ರೈವರನದು, ಬೆನ್ನು ಉರಿಯುತ್ತಿದ್ದರೂ ಬಾಯಿಗೆ ಬಿಡುವಿಲ್ಲದ ಮನುಷ್ಯ, ಬೇರೆ ಹೊತ್ತಾಗಿದ್ದರೆ ಅವಳೂ ನಗುತ್ತಿದ್ದಳು. ಮೆಷಿನ್ನು ಕೆಟ್ಟರೆ ಬಿಚ್ಚಬೇಕು, ಬಿಚ್ಚಿದರೆ ಜೋಡಿಸಬೇಕು, ಜೋಡಿಸಿದ ಮೇಲೆ ಒಂದು ಗೆರೆ ಎಳೆದು ಪರೀಕ್ಷಿಸಬೇಕು, ಗಿರಾಕಿಯ ಬೆನ್ನ ಮೇಲೆ ಪರೀಕ್ಷೆ ಮಾಡುವಂತಿಲ್ಲ, ಈ ಅಂಗಡಿಯಲ್ಲಿ ಪರೀಕ್ಷೆಯ ಗೆರೆ ಬೀಳುವುದು ಮನೆಯ ಹೆಂಗಸಿನ ತೋಳಿನ ಮೇಲೆ, ಅವಳ ಗಂಡ ಹಾಕಿಟ್ಟು ಹೋದ ಪದ್ಧತಿ ಅದು, ಮತ್ತು ಅಲ್ಲಿ ಹತ್ತಿಯ ಉಂಡೆ ಹಿಡಿದು ನಿಂತಿರುವ ಸೊಸೆಯ ತೋಳಿನಲ್ಲಿ ಇನ್ನೂ ಒಂದು ಗೆರೆಯೂ ಇಲ್ಲ. ಇಲ್ಲದ ಹಾಗೆ ನೋಡಿಕೊಂಡವಳು ಅತ್ತೆಯಾದ ಇವಳೇ, ಗಂಡ ತೀರಿಕೊಂಡು ಮಗ ಆ ಜಾಗದಲ್ಲಿ ಕೂತಾಗಿನಿಂದ ದಿನಾ ಸಂಜೆ ಅವನು ಹೊರಗೆ ಹೋದ ಮೇಲೆ ಮೆಷಿನ್ನುಗಳನ್ನು ಒಂದೊಂದಾಗಿ ಮಡಿಲಲ್ಲಿಟ್ಟುಕೊಂಡು ಒರೆಸಿ, ಬಿಗಿ ನೋಡಿ, ನಳಿಗೆ ತೊಳೆದು ಇಡುತ್ತಿದ್ದಳು, ಕೆಡದಿದ್ದರೆ ಪರೀಕ್ಷೆಯೇ ಬೇಡವಲ್ಲ, ಆದರೆ ಮೊನ್ನೆಯಿಂದ ಜ್ವರ, ಎರಡು ಸಂಜೆ ಏಳಲಾಗಲಿಲ್ಲ, ಅಷ್ಟು ಸಾಕಾಯಿತು, ಭಗವಂತ, ಎರಡೇ ಸಂಜೆ ನೀನು ನೋಡಿಕೊಳ್ಳಬಾರದಿತ್ತೇ.

ಅವಳ ಎಡತೋಳು ಹಾಗಲ್ಲ, ಮಣಿಕಟ್ಟಿನಿಂದ ಮೇಲಕ್ಕೆ ಗೆರೆಗಳು, ಅಡ್ಡಗೆರೆಯ ಮೇಲೆ ಅಡ್ಡಗೆರೆ, ಏಣಿಯ ಮೆಟ್ಟಿಲಿನಂತೆ, ಕೆಲವು ಕೂದಲಿನಷ್ಟು ಸಣ್ಣ, ಕೆಲವು ಅಂಚು ಒಡೆದು ನೀಲಿಯಾಗಿ ಹರಡಿದವು, ಒಂದೊಂದು ಗೆರೆಯೂ ರಿಪೇರಿಯಾದ ಒಂದೊಂದು ಮೆಷಿನ್ನು, ಬೇರೆ ಅಂಗಡಿಯವರೂ ರಿಪೇರಿಗೆ ಗಂಡನ ಹತ್ತಿರವೇ ತರುತ್ತಿದ್ದರು, ಊರಿನ ಮೆಷಿನ್ನುಗಳೆಲ್ಲ ಅವಳ ತೋಳಿನ ಮೇಲೆ ಹಾಯ್ದು ಹೋಗಿವೆ. ಹಣ್ಣಿನ ಸಿಪ್ಪೆಯ ಮೇಲೆ ಎಳೆದು ನೋಡಿದರೆ ಆಗದೇನ್ರೀ ಎಂದು ಹೊಸದರಲ್ಲಿ ಕೇಳಿದ್ದಳು, ಹಣ್ಣಿಗೆ ನೋವಾಗಲ್ಲ ಕಣೇ, ನೋವಾಗದ್ದು ಸುಳ್ಳು ಹೇಳುತ್ತೆ, ಕೈ ಇಡು, ನಾನು ಸಾಕು ಅನ್ನೋವರೆಗೆ ಅಲ್ಲಾಡಿಸಬೇಡ — ಮೊದಲ ಗೆರೆಗೆ ಅವಳು ಬೆಚ್ಚಿ ಕೈ ಎಳೆದುಕೊಂಡಳು, ಸೂಜಿ ಓಡುತ್ತಿತ್ತು, ಚರ್ಮ ಬಟ್ಟೆ ಹರಿದಂತೆ ಹರಿಯಿತು, ರಕ್ತ ತೋಳಿಡುವ ಹಲಗೆಯ ಮೇಲೆ, ಅವರ ಬಿಳಿ ಅಂಗಿಯ ಮೇಲೆ, ಅವರು ಕೂಗಾಡಲಿಲ್ಲ, ಮೆಷಿನ್ನನ್ನು ಜೋಪಾನವಾಗಿ ಕೆಳಗಿಟ್ಟರು, ಸೂಜಿ ಬಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು, ಬಾಗಿತ್ತು, ಆಮೇಲೆ ಅವಳ ಬೆರಳುಗಳನ್ನು ಮೇಜಿನ ಡ್ರಾಯರಿನ ಬಾಯಲ್ಲಿ ಸಾಲಾಗಿ ಜೋಡಿಸಿ ಮೊಣಕಾಲಿನಿಂದ ಡ್ರಾಯರನ್ನು ಒಳಕ್ಕೆ ನೂಕಿದರು, ನಿಧಾನವಾಗಿ, ಎಲ್ಲ ಡ್ರಾಯರುಗಳನ್ನೂ ಮುಚ್ಚುವ ಹಾಗೆ, ಮತ್ತೆ ಅವರೇ ಬಟ್ಟೆ ಸುತ್ತಿದರು, ಅವರೇ ಮುಲಾಮು ಹಚ್ಚಿದರು, ಉಫ್ ಎಂದು ಊದಿದರು, ಆ ಊದುವಿಕೆಗೇ ಅವಳು ಹೆಚ್ಚು ನಡುಗಿದ್ದು. ಅಂಥವರು ಹೋದಾಗ ಅವಳು ಅತ್ತಿದ್ದಾಳೆ, ಸುಳ್ಳಲ್ಲ, ಅನ್ನ ಇಳಿಯದೆ ಅತ್ತಿದ್ದಾಳೆ, ಈಗಲೂ ಬೆಳಿಗ್ಗೆ ಕಣ್ಣು ಬಿಟ್ಟಕೂಡಲೇ ಅವರಿಗೆ ಸದ್ಗತಿ ಕೊಡು ಸ್ವಾಮಿ ಎಂದು ಕೈಮುಗಿಯುತ್ತಾಳೆ, ಸಂಜೆ ತೋಳು ತೊಳೆಯುವಾಗ ಮಾತ್ರ ಇನ್ನೊಂದು ಮಾತು ತಾನಾಗಿ ನಾಲಿಗೆಗೆ ಬರುತ್ತದೆ, ಸದ್ಗತಿ ಕೊಡು ಆದರೆ ಆ ಕೈ ಒಂದು ಉರಿಯಲಿ, ಕೈ ಒಂದು, ಮಣಿಕಟ್ಟಿನವರೆಗೆ — ಒಂದೇ ಬಾಯಿಂದ ಎರಡು ಪ್ರಾರ್ಥನೆ, ದೇವರಿಗೂ ಗೊಂದಲವಾಗಿರಬೇಕು, ಅದಕ್ಕೇ ಆ ಕೈಯನ್ನು ಉರಿಸದೆ ಮಗನ ತೋಳಿನ ತುದಿಗೆ ತಂದು ಹಚ್ಚಿದ್ದಾನೆ.

ಗುಂಯ್ ಗುಂಯ್ ಟಕ್, ಈಗ ಇನ್ನೂ ಜೋರು, ಅವನು ಕರೆಂಟಿನ ಗುಂಡಿಯನ್ನು ತಿರುಗಿಸಿ ವೇಗ ಏರಿಸಿದ್ದಾನೆ, ಏರಿಸಬಾರದು ಪುಟ್ಟ, ಕುಂಟುವವನನ್ನು ಓಡಿಸಿದರೆ ಕುಂಟು ಹೋಗುತ್ತದೆಯೇ, ಬೀಳುತ್ತಾನೆ ಅಷ್ಟೇ, ಅವಳು ಇಕ್ಕಳ ಇಟ್ಟು ಬಾಗಿಲಿಗೆ ಬಂದಳು, ಮುಂದಿನ ಕೋಣೆಯ ಟ್ಯೂಬ್‌ಲೈಟು, ಗೋಡೆಯ ತುಂಬ ಹುಲಿ, ಗುಲಾಬಿ, ತಲೆಬುರುಡೆಯ ಚಿತ್ರಗಳು, ಕನ್ನಡಿಯ ಮೇಲೆ ಅವರ ಫೋಟೋ, ಮಗನ ಬಾಯಲ್ಲಿ ರಬ್ಬರ್ ಬ್ಯಾಂಡು, ಮೆಷಿನ್ನಿನ ಬೆನ್ನಿಗೆ ಆಗಲೇ ಎರಡು ಸುತ್ತಿದ್ದಾನೆ, ಮೂರನೆಯದನ್ನು ಹಲ್ಲಿನಿಂದ ಎಳೆದು ಹಾಕುತ್ತಿದ್ದಾನೆ, ಸೂಜಿ ಅಲ್ಲಾಡಿದರೆ ಬಿಗಿ, ಇನ್ನೂ ಅಲ್ಲಾಡಿದರೆ ಇನ್ನೂ ಬಿಗಿ, ಬಿಗಿದಷ್ಟೂ ನಿಲ್ಲುತ್ತದೆ ಎನ್ನುವುದು ಈ ಮನೆಯ ಗಂಡಸರ ನಂಬಿಕೆ, ಸೂಜಿಯಾದರೂ ಸರಿ ಹೆಂಡತಿಯಾದರೂ ಸರಿ. ನಮ್ಮ ಹೊಲಿಗೆ ಮೆಷಿನ್ನಲ್ಲೂ ಹೀಗೇ ರೀ, ದಾರ ಅತಿ ಬಿಗಿಯಾದರೆ ಸೂಜಿ ಒಂದು ಕಡೆಗೆ ವಾಲಿ ಕಬ್ಬಿಣಕ್ಕೆ ಬಡಿಯುತ್ತೆ, ಒಂದು ರಬ್ಬರು ತೆಗೆದು ನೋಡಿ — ಸೊಸೆ ಹೇಳಿದಳು, ಅಯ್ಯೋ ಹುಡುಗಿ, ತವರಿನಲ್ಲಿ ಟೈಲರಿಂಗ್ ಮಾಡುತ್ತಿದ್ದವಳು, ಬಟ್ಟೆಯ ಜೊತೆ ಬದುಕಿದವಳು, ಚರ್ಮದವರ ಜೊತೆ ಮಾತಾಡುವುದು ಹೇಗೆಂದು ಅವಳಿಗಿನ್ನೂ ಗೊತ್ತಿಲ್ಲ, ಲಂಗ ಹೊಲಿಯೋಳು ನನಗೆ ಪಾಠ ಹೇಳ್ತಾಳೆ, ಕೇಳಿದ್ರಾ ಡ್ರೈವರಣ್ಣ — ನಗುತ್ತಲೇ ಅಂದ, ನಗುತ್ತಲೇ ಹಿಂಗೈ ಬೀಸಿದ, ಹತ್ತಿಯ ಉಂಡೆ ಒಂದು ಕಡೆ, ಅವಳು ಒಂದು ಕಡೆ, ಶಾಯಿಯ ಬಟ್ಟಲು ಉರುಳಿತು, ಅವಳ ತುಟಿಯಿಂದ ಕೆಂಪು, ನೆಲದಲ್ಲಿ ಕಪ್ಪು. ಏಯ್, ಅದೇನಪ್ಪ ನೀನು, ಡ್ರೈವರ್ ಮೊಣಕೈಯೂರಿ ತಲೆ ಎತ್ತಿದ, ಅಲ್ಲಾಡಬೇಡಿ ಅಂತ ಎಷ್ಟು ಸಲ ಹೇಳಬೇಕು ನಿಮಗೆ, ಬೆನ್ನು ಕೆಟ್ಟರೆ ನನ್ನನ್ನ ಕೇಳಬೇಡಿ, ಮಗ ಅವನ ಹೆಗಲನ್ನು ಅದುಮಿದ, ಡ್ರೈವರ್ ಮಲಗಿದ, ಅರ್ಧ ಹದ್ದನ್ನು ಬೆನ್ನ ಮೇಲೆ ಹೊತ್ತವನು ಎಲ್ಲಿಗೆ ಏಳಬೇಕು. ಸೊಸೆ ಅಳಲಿಲ್ಲ, ಅತ್ತೆಯನ್ನು ನೋಡಿದಳು, ಹಾಗೆ ನೋಡಬೇಡವೇ, ನಾನು ನಿನ್ನ ಅತ್ತೆ, ನಿನಗಿಂತ ಮೊದಲು ಇದೇ ನೆಲದಲ್ಲಿ ಬಿದ್ದವಳು, ಮೇಲೆ ಇರುವವನನ್ನು ನೋಡು, ಮೇಲೆ ಅವರ ಫೋಟೋ ಇತ್ತು.

ಇಲ್ಲಿ ಕೊಡು ಪುಟ್ಟ, ನಾನು ನೋಡ್ತೀನಿ, ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು, ನೀನಾ, ಜ್ವರ ಬಿಟ್ಟಿತಾ ನಿಂಗೆ, ಹೂಂ ತಗೋ ತಗೋ, ಅಪ್ಪನ ಜೊತೆ ಅಷ್ಟು ವರ್ಷ ಕೂತಿದ್ದೀಯಲ್ಲ, ನೋಡೋಣ, ಅವನು ಎದ್ದು ಸಿಗರೇಟು ಹಚ್ಚಿದ, ಅವಳು ಗಂಡನ ಸ್ಟೂಲಿನ ಮೇಲೆ ಕೂತಳು, ಇದೇ ಮೊದಲು, ಈ ಕಡೆಯಿಂದ ಕೋಣೆ ಬೇರೆಯಾಗಿ ಕಾಣುತ್ತದೆ, ಹಲಗೆ ಸಣ್ಣದಾಗಿ ಕಾಣುತ್ತದೆ, ಇಷ್ಟೇ ಅಗಲದ ಹಲಗೆಯೇ ಅದು. ಕೈಗವಸು ಹಾಕಿಕೊಂಡಳು, ಮೊದಲು ಮೂರೂ ರಬ್ಬರ್ ಬ್ಯಾಂಡು ಬಿಚ್ಚಿದಳು, ಸೂಜಿಯ ಕಡ್ಡಿ ಉಸಿರು ಬಿಟ್ಟಂತೆ ಸಡಿಲಾಯಿತು, ಹೊರಗೆಳೆದು ಬೆಳಕಿಗೆ ಹಿಡಿದರೆ ನಡುವಿನಲ್ಲಿ ಸಣ್ಣಗೆ ಬಾಗಿದೆ, ಬಿಗಿಗೆ ಬಾಗಿದ್ದು, ಇನ್ನು ಎಲ್ಲಿಂದ ನೆಟ್ಟಗೆ ಇಳಿಯಬೇಕು ಪಾಪ, ಕಡ್ಡಿಯ ಕುಣಿಕೆ ಕೂರುವ ಪುಟ್ಟ ರಬ್ಬರ್ ಬುಶ್ಶು ಸವೆದು ಲೊಡಲೊಡ ಎನ್ನುತ್ತಿದೆ, ಕುಂಟು ಹುಟ್ಟಿದ್ದು ಇಲ್ಲಿ, ಎಲ್ಲರೂ ಬೆನ್ನ ಮೇಲೆ ಬಿಗಿದರು, ಸೊಂಟ ಸಡಿಲಾಗಿದ್ದು ಯಾರೂ ನೋಡಲಿಲ್ಲ, ನಳಿಗೆಯ ಬಾಯಲ್ಲಿ ಒಣಗಿದ ಶಾಯಿ ವ್ಯಾಸಲೀನಿನ ಜೊತೆ ಸೇರಿ ಹೆಪ್ಪುಗಟ್ಟಿದೆ, ಶಾಯಿ ತಾನಾಗಿ ಹರಿಯುವುದಿಲ್ಲ, ಸೂಜಿ ಮೇಲೆ ಕೆಳಗೆ ಆಡುತ್ತ ಅದನ್ನು ಮುದ್ದು ಮಾಡಿ ಕೆಳಗೆ ಕರೆಯಬೇಕು, ದಾರಿ ಕಟ್ಟಿದರೆ ಒಣ ಸೂಜಿ ಚರ್ಮವನ್ನು ಬರಿದೇ ಕುಕ್ಕುತ್ತದೆ, ಗೋಡೆಗೆ ಬಡಿದರೆ ಶಾಯಿ ಹನಿಹನಿಯಾಗಿ ಸಿಡಿಯುತ್ತದೆ, ಇಷ್ಟೇ ವಿದ್ಯೆ, ಇದನ್ನು ಅವರು ಕಲಿಸಲಿಲ್ಲ, ನೋವು ಕಲಿಸಿತು, ಬಾಗಿದ ಸೂಜಿಯ ನೋವು ಬೇರೆ, ಒಣ ಸೂಜಿಯ ನೋವು ಬೇರೆ, ಸರಿಯಾದ ಸೂಜಿಯ ನೋವು ಬೇರೆ, ಕಣ್ಣು ಮುಚ್ಚಿ ಹೇಳುತ್ತಿದ್ದಳು. ಹೊಸ ಬುಶ್ಶು, ಕುದಿಸಿದ ಹೊಸ ನಳಿಗೆ, ಕವರು ಒಡೆದು ಹೊಸ ಸೂಜಿ, ಬಟ್ಟಲಲ್ಲಿ ಹೊಸ ಶಾಯಿ, ಒಬ್ಬರ ರಕ್ತ ಇನ್ನೊಬ್ಬರಿಗೆ ಬೇಡ, ಮಗ ಬೀದಿಯ ಕಡೆ ಹೊಗೆ ಬಿಡುತ್ತ ಬೇಗ ಮುಗಿಸಮ್ಮ ಎಂದ, ಮುಗಿಸುತ್ತೇನೆ, ಎಲ್ಲಿಗೆ ಓಡುತ್ತೇನೆ, ಅವರೂ ಆ ದಿನ ಹೀಗೇ ಬೇಗ ಬೇಗ ಜೋಡಿಸಿದ್ದರು, ಬೆಳಗಿನ ಹೊತ್ತು, ಅಂಗಡಿ ಇನ್ನೂ ತೆರೆದಿರಲಿಲ್ಲ, ಅವಳ ತೋಳಿನಲ್ಲಿ ಜಾಗ ಮುಗಿಯುತ್ತ ಬಂದಿತ್ತು, ಮೊಣಕೈಯ ಮಡಿಕೆಯ ಹತ್ತಿರ, ಅಲ್ಲಿ ಚರ್ಮ ಕಣ್ಣರೆಪ್ಪೆಯಷ್ಟು ತೆಳು, ಸೂಜಿ ಇಳಿಯಿತು, ಎರಡು ಬೆರಳಿನಷ್ಟು ದೂರ ಓಡಿತು, ನಿಂತಿತು, ನಿಂತಿದ್ದು ಕೈ, ಸೂಜಿಯಲ್ಲ, ಅವರ ತಲೆ ನಿಧಾನವಾಗಿ ಬಾಗಿ ಅವಳ ಹೆಗಲಿಗೆ ಒರಗಿತು, ಎದೆಯ ಭಾರವೆಲ್ಲ ಮೆಷಿನ್ನಿನ ಮೇಲೆ, ಮೆಷಿನ್ನಿನ ಭಾರ ಅವಳ ತೋಳಿನ ಮೇಲೆ, ಹತ್ತಿರದಿಂದ ನೋಡುತ್ತಿದ್ದಾರೆ ಎಂದುಕೊಂಡಳು, ಕಣ್ಣು ಮಂಜಾಗುತ್ತಿತ್ತಲ್ಲ ಅವರಿಗೆ, ಸೂಜಿ ಒಂದೇ ಕಡೆ, ಒಂದೇ ಕಡೆ, ರೀ ಎಂದಳು ಮೆಲ್ಲಗೆ, ಅವರು ಸಾಕು ಅನ್ನಲಿಲ್ಲ, ಸಾಕು ಅನ್ನದೆ ಕೈ ಅಲ್ಲಾಡಿಸುವುದು ಹೇಗೆ, ಡ್ರಾಯರು ಅಲ್ಲೇ ಇತ್ತು, ಬೀದಿಯಲ್ಲಿ ಹಾಲಿನ ಗಾಡಿ ಬಂದು ನಿಂತು ಹೋಯಿತು, ಸತ್ತ ಮನುಷ್ಯನ ಕಾಲು ಮೆಷಿನ್ನು ಓಡಿಸುವ ಪೆಡಲಿನ ಮೇಲೆ ಕಬ್ಬಿಣದ ಗಟ್ಟಿಯಂತೆ ಕೂತಿತ್ತು, ಸೂಜಿ ಒಂದೇ ಕಡೆ, ಕಪ್ಪು ಒಳಕ್ಕೆ, ಇನ್ನೂ ಒಳಕ್ಕೆ, ಮಗ ಬಂದು ಅಪ್ಪಾ ಎಂದು ಕೂಗಿ ವೈರು ಕಿತ್ತುಹಾಕುವವರೆಗೆ ಅವಳು ಹೆಣಕ್ಕೆ ವಿಧೇಯಳಾಗಿ ಕೂತಿದ್ದಳು. ಹೆಂಡತಿಯ ಹೆಗಲ ಮೇಲೇ ಪ್ರಾಣ ಬಿಟ್ಟ ಪುಣ್ಯಾತ್ಮ ಎಂದರು ಬಂದವರೆಲ್ಲ, ಅವಳು ತಲೆಯಾಡಿಸಿದಳು, ತೋಳಿನ ಮೇಲೆ ಬಟ್ಟೆ ಎಳೆದುಕೊಂಡಳು.

ಪೆಡಲು ಒತ್ತಿದಳು, ಗುಂಯ್‌ಗುಡಿತು, ಉದ್ದಕ್ಕೆ, ಒಂದೇ ಸಮ, ಕುಂಟಿಲ್ಲ, ಟಕ್ ಇಲ್ಲ, ಬಟ್ಟಲಲ್ಲಿ ಅದ್ದಿದರೆ ಸೂಜಿಯ ತುದಿಗೆ ಶಾಯಿ ಹಸಿದ ಮಗುವಿನಂತೆ ಹತ್ತಿಕೊಂಡಿತು, ಬೋರಲಾಗಿದ್ದ ಡ್ರೈವರನೇ ಅಂದ, ಆಹಾ, ಈಗ ಇಂಜಿನ್ನು ಸರಿ ಹೋಯ್ತು ನೋಡಿ ತಾಯಿ, ಸದ್ದಿನಲ್ಲೇ ಗೊತ್ತಾಗುತ್ತೆ, ಶುರು ಮಾಡಿ ನೀವೇ — ಅಷ್ಟಕ್ಕೆ ಮುಗಿಯಬಾರದೇ ಸ್ವಾಮಿ, ಇಷ್ಟು ಸಾಲದೇ, ಮಗ ಸಿಗರೇಟನ್ನು ಗೋಡೆಗೆ ಒತ್ತಿ ಆರಿಸಿದ, ಬಾ ಇಲ್ಲಿ, ಕೈ ಕೊಡು, ಅವನು ಕರೆದಿದ್ದು ತಾಯಿಯನ್ನಲ್ಲ. ಬೇಡ ರೀ, ಸದ್ದು ಸರಿ ಇದೆಯಲ್ಲ, ಅವರೇ ಹೇಳ್ತಿದಾರಲ್ಲ, ಸೊಸೆ ತುಟಿಯ ರಕ್ತ ಒರೆಸುತ್ತ ಹಿಂದೆ ಸರಿದಳು, ಹಿಂದೆ ಗೋಡೆ, ನನ್ನ ಕೈ ಇದೆಯಲ್ಲೋ ಪುಟ್ಟ, ತೋಳಿನ ಮೇಲ್ಗಡೆ ಇನ್ನೂ ಜಾಗ ಇದೆ — ನಿನ್ನ ಚರ್ಮ ಹಳೇ ಕೈಚೀಲ ಆಗಿದೆಯಮ್ಮ, ಅದರ ಮೇಲೆ ಗೆರೆ ನಿಲ್ಲಲ್ಲ, ಅಪ್ಪ ಇದ್ದಿದ್ದರೂ ಇದನ್ನೇ ಹೇಳ್ತಿದ್ದರು — ಹಾಗಾದರೆ ನಿನ್ನ ಕೈಯೇ ಇಡು — ನನ್ನದು ಕೆಲಸದ ಕೈಯಮ್ಮ, ಚೆನ್ನಾಗಿದೆ ನಿನ್ನ ಮಾತು. ಅವನು ಹೆಂಡತಿಯ ಮಣಿಕಟ್ಟು ಹಿಡಿದು ತಿರುಚಿದ, ಏನೋ ಒಣಕಡ್ಡಿ ಮುರಿದಂಥ ಸದ್ದು, ಸೊಸೆ ಕೂಗಿದಳು — ಬಿಡೋ ಹೆಣ್ಣುಮಗೂನ, ನನ್ನ ಬೆನ್ನ ಮೇಲೇ ನೋಡೋ ನಿನ್ನ ಪರೀಕ್ಷೆ, ಎನ್ನುತ್ತ ಡ್ರೈವರ್ ಎದ್ದು ಕೂತ, ಅಂಗಿಯಿಲ್ಲದ ಆ ದೊಡ್ಡ ಮೈ, ಎದ್ದೆಯೋ ಈ ಬಾಟಲಿ ನಿನ್ನ ತಲೆಗೆ, ಮಗ ಸ್ಪಿರಿಟ್ಟಿನ ಗಾಜಿನ ಬಾಟಲಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದ, ಬಲಗೈಯಲ್ಲಿ ಹೆಂಡತಿಯ ತೋಳನ್ನು ಎಳೆದು ತಂದು ಹಲಗೆಯ ಮೇಲೆ ಅದುಮಿದ, ಸೊಸೆಯ ಮೊಣಕಾಲುಗಳು ನೆಲಕ್ಕೆ ಬಿದ್ದವು, ಹೂಂ ಎಳಿಯಮ್ಮ, ನೀನೇ ರಿಪೇರಿ ಮಾಡಿದ್ದಲ್ಲ, ನೀನೇ ಎಳಿ, ಹೇಗೆ ಎಳೀಬೇಕು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಹಲಗೆಯ ಮೇಲೆ ಎರಡು ಕೈ, ಕೆಳಗೆ ಸೊಸೆಯದು, ಮೇಲೆ ಮಗನದು, ಕೆಳಗಿನದು ಬೆಳ್ಳಗೆ, ನುಣ್ಣಗೆ, ಹೊಲಿಗೆಯ ಸೂಜಿ ಚುಚ್ಚಿದ ಗುರುತು ಬೆರಳ ತುದಿಯಲ್ಲಿ ಮಾತ್ರ, ಮೇಲಿನದು ರೋಮ ತುಂಬಿ, ನರ ಉಬ್ಬಿ, ಗೆಣ್ಣುಗಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದದ್ದು, ಎಂಥ ಚೆನ್ನಾದ ಹಿಡಿತ, ಚರ್ಮ ಹೀಗೆ ಬಿಗಿಯಾಗಿ ನಿಂತರೆ ಗೆರೆ ಚೆನ್ನಾಗಿ ಬರುತ್ತದೆ, ಈ ಬೆರಳುಗಳಿಗೇ ಅಲ್ಲವೇ ಅವಳು ತುತ್ತು ಇಟ್ಟು ಮಡಚಿ ಬಾಯಿಗೆ ಒಯ್ಯುವುದು ಕಲಿಸಿದ್ದು, ಭಗವಂತ, ಸಿಟ್ಟು ಬೇಡ ನನಗೆ, ಕೈ ನಡುಗದಿರಲಿ, ಅಷ್ಟೇ, ಕೈ ನಡುಗದಿರಲಿ, ಪೆಡಲು ಒತ್ತಿದಳು, ಎಡಗೈಯಿಂದ ಮಗನ ಮಣಿಕಟ್ಟನ್ನು ಹಿಡಿದಳು, ಸೂಜಿಯನ್ನು ಇಳಿಸಿದಳು, ಮೇಲಿನ ಕೈಗೆ. ಅವನ ಉಸಿರು ಒಳಗೆ ಹೋಗಿ ಹೊರಗೆ ಬರಲಿಲ್ಲ. ಎಳೆದುಕೊಳ್ಳಬಹುದು ಅವನು, ಇವಳಂಥ ನಾಲ್ವರನ್ನು ಒದ್ದು ಹೋಗುವ ಶಕ್ತಿ ಇದೆ, ಎಳೆದುಕೊಳ್ಳುವುದಿಲ್ಲ, ಓಡುವ ಸೂಜಿಯಡಿಯಲ್ಲಿ ಚರ್ಮ ಎಳೆದರೆ ಏನಾಗುತ್ತದೆಂದು ಈ ಕೋಣೆಯಲ್ಲಿ ಅವನಿಗಿಂತ ಚೆನ್ನಾಗಿ ತಿಳಿದವರಿಲ್ಲ, ಅದು ಕೆಲಸದ ಕೈ, ನರ ಹರಿದರೆ ಅನ್ನ ಹೋಗುತ್ತದೆ, ಬಾಟಲಿ ಎತ್ತಿದ ತೋಳು ಎತ್ತಿದ ಹಾಗೇ, ಬಾಯಿ ತೆರೆದ ಹಾಗೇ, ಕಲ್ಲು, ಬೆವರುವ ಕಲ್ಲು, ಡ್ರೈವರ್ ಮೆಲ್ಲಗೆ ಕೈ ಚಾಚಿ ಬಾಟಲಿಯನ್ನು ಅವನ ಬೆರಳುಗಳಿಂದ ಬಿಡಿಸಿ ಕೆಳಗಿಟ್ಟ, ಗೆಣ್ಣುಗಳ ಒತ್ತು ಸಡಿಲಾಯಿತು, ಸೊಸೆಯ ತೋಳು ಅಡಿಯಿಂದ ನುಣುಚಿ ಹೊರಗೆ ಬಂತು, ಅವಳು ಅದನ್ನು ಎದೆಗೆ ಅವುಚಿಕೊಂಡು ಹಿಂದಕ್ಕೆ ಹಿಂದಕ್ಕೆ ತೆವಳಿ ಹೋಗುತ್ತಿದ್ದಾಳೆ, ಹೋಗು ತಾಯಿ, ಬಾಗಿಲು ತೆರೆದಿದೆ, ಬೀದಿ ಇದೆ, ಹೋಗು. ಗೆರೆ ಮಣಿಕಟ್ಟು ದಾಟಿತು, ಮುಂಗೈಯ ಮೇಲೆ ಏರಿತು, ಸಣ್ಣ, ಎರಡೂ ಅಂಚು ಚೂಪು, ಶಾಯಿ ಎಲ್ಲೂ ಕಡಿಯಲಿಲ್ಲ, ಎಲ್ಲೂ ಹರಡಲಿಲ್ಲ, ಇಷ್ಟು ಒಳ್ಳೆಯ ಗೆರೆಯನ್ನು ಅವರೂ ಎಳೆದಿರಲಿಲ್ಲ, ಕಪ್ಪಿನ ಹಿಂದೆ ಕೆಂಪು ಹನಿಗಳು ಒಂದೊಂದಾಗಿ ಎದ್ದು ಬರುತ್ತಿವೆ, ಮೆಷಿನ್ನು ಸರಿಯಾಗಿದೆ, ಇನ್ನು ಯಾರೂ ಅನುಮಾನ ಪಡುವಂತಿಲ್ಲ, ನಿಲ್ಲಿಸಬಹುದು, ಇಲ್ಲಿಗೆ ನಿಲ್ಲಿಸಬಹುದು, ಮೊಣಕೈಯ ಮಡಿಕೆ ಬಂತು, ತೆಳು ಚರ್ಮ, ಕೈ ನಿಂತಿತು.

ಕೈ ನಿಂತಿತು, ಸೂಜಿ ನಿಲ್ಲಲಿಲ್ಲ. ಅಮ್ಮಾ, ಅವನ ದನಿ ಸೀಳಿ ಬಂತು, ಅಮ್ಮಾ ಕಾಲು ತೆಗಿ, ಪೆಡಲಿನಿಂದ ಕಾಲು ತೆಗಿಯಮ್ಮ, ಡ್ರೈವರ್ ಏನೋ ಅನ್ನುತ್ತಿದ್ದಾನೆ, ತಾಯಿ, ಸಾಕು ಬಿಡಿ ತಾಯಿ, ಬೀದಿಯಲ್ಲಿ ಓಡುವ ಹೆಜ್ಜೆಗಳು, ಹಗುರ, ಸೊಸೆಯವು, ದೂರ ದೂರ, ಕೇಳುತ್ತಿದೆ, ಎಲ್ಲವೂ ಕೇಳುತ್ತಿದೆ, ತೆಗೆಯಬೇಕು, ತೆಗೆಯುತ್ತಾಳೆ, ಹೆತ್ತ ಮಗನಲ್ಲವೇ, ಕಾಲು ಎಲ್ಲಿದೆ, ಕಾಲು ಇದೆ, ಕೆಳಗೆ, ಕಬ್ಬಿಣದ ಗಟ್ಟಿ, ಯಾರದೋ ಕಾಲು, ಎತ್ತಿದರೆ ಏಳುತ್ತದೆ, ಎತ್ತು, ಸ್ವಾಮಿ, ನೀನಾದರೂ ಎತ್ತು — ಮಡಿಕೆಯಲ್ಲಿ ಕಪ್ಪು ಚುಕ್ಕೆ, ಚುಕ್ಕೆಯ ಸುತ್ತ ಕೆಂಪು, ಕೆಂಪಿನ ನಡುವೆ ಸೂಜಿ, ನೆಟ್ಟಗೆ, ಒಂದೇ ಸಮ, ಒಂದೇ ಕಡೆ, ಸೂಜಿ, ಒಂದೇ ಕಡೆ